ಹಾರ್ಟ್‌ರೇಟ್ ವಾಚ್ ಕೇಳುವ ಫಿಟ್‌ನೆಸ್ ಮಟ್ಟಕ್ಕೆ ಯಾವ ಸಂಖ್ಯೆ ತುಂಬಬೇಕು? ದಾವಣಗೆರೆ, ದುರ್ಗದವರು ಹೇಳಿ

ಕುಂದವಾಡ ಬೆಳಗು
ವಾಚ್‌ನ ಸೆಟ್ಟಿಂಗ್‌ನಲ್ಲಿ ವಯಸ್ಸು, ತೂಕ, ಎತ್ತರ ತುಂಬಿದ್ದಾಯಿತು. ಎರಡು ಖಾನೆ ಉಳಿದಿವೆ. ಒಂದು, ಚಟುವಟಿಕೆಯ ಮಟ್ಟ, ಸೊನ್ನೆಯಿಂದ ಹತ್ತರವರೆಗೆ. ಇನ್ನೊಂದು, ವಿಒ2 ಮ್ಯಾಕ್ಸ್. ಇದರಲ್ಲಿ ವಾಚ್ ತಾನಾಗೇ 45 ಅಂತ ಹಾಕಿಕೊಂಡಿದೆ. ಅದನ್ನು ಹಾಗೇ ಬಿಡಬಹುದಾ, ಇಲ್ಲ ಲ್ಯಾಬ್ ಇಲ್ಲದೆ ನಮ್ಮೂರಲ್ಲೇ ಅಳೆದು ಸರಿಯಾದ ಸಂಖ್ಯೆ ಹಾಕಬಹುದಾ?
ವಿವರ: ಗಂಡಸು, 45 ವರ್ಷ, 72 ಕೆ.ಜಿ., 168 ಸೆಂ.ಮೀ. ಬೆಳಗ್ಗೆ ಎದ್ದಾಗ ನಾಡಿ 62. ಬಿಪಿ, ಶುಗರ್ ಇಲ್ಲ, ಮಾತ್ರೆ ಯಾವುದೂ ಇಲ್ಲ. ವಾರಕ್ಕೆ ನಾಲ್ಕು ದಿನ ಕುಂದವಾಡ ಕೆರೆಯಲ್ಲಿ 40 ನಿಮಿಷ ನಡಿಗೆ. ಓಟ ಇಲ್ಲ.

ಪೀಟಿ ಮೇಷ್ಟ್ರು
ಹಾಗೇ ಬಿಡಬೇಡಿ ಸರ್. ಆ ಖಾನೆ ಯಾಕಿದೆ ಅಂತ ಮೊದಲು ತಿಳಿದರೆ ಎಷ್ಟು ನಿಖರವಾಗಿ ತುಂಬಬೇಕು ಅನ್ನೋದೂ ತಿಳಿಯುತ್ತೆ.
ಮೈ ತನ್ನ ಮಿತಿಯವರೆಗೆ ದುಡಿಯುವಾಗ, ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಆಮ್ಲಜನಕ ಬಳಸಿಕೊಳ್ಳುತ್ತದೋ ಅದೇ ವಿಒ2 ಮ್ಯಾಕ್ಸ್. ವಾಚ್‌ಗೆ ಕಾಣುವುದು ನಾಡಿ ಮಾತ್ರ, ಆಮ್ಲಜನಕ ಅಲ್ಲ. ಹಾಗಾಗಿ 'ಈ ನಾಡಿ ಇವರ ಗರಿಷ್ಠದ ಶೇಕಡಾ ಎಷ್ಟು' ಅಂತ ಲೆಕ್ಕ ಹಾಕಿ, ಅದನ್ನು ನೀವು ತುಂಬಿದ ವಿಒ2 ಮ್ಯಾಕ್ಸ್‌ಗೆ ಗುಣಿಸಿ ಆಮ್ಲಜನಕ ಊಹಿಸುತ್ತೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲರಿ. ಕ್ಯಾಲರಿ ಅಂಕಿ ಬರುವುದು ಹೀಗೆ.
ನಿಮ್ಮ 72 ಕೆ.ಜಿ.ಗೆ ಹಾಕಿ ನೋಡೋಣ. ನಿಜವಾದ ಮಟ್ಟ 39 ಅಂತಿಟ್ಟುಕೊಳ್ಳಿ. ಗರಿಷ್ಠ ಆಮ್ಲಜನಕ ನಿಮಿಷಕ್ಕೆ 2.81 ಲೀಟರ್. ಅದರ ಶೇ. 70ರಲ್ಲಿ ನಡೆದರೆ 1.97 ಲೀಟರ್, ಅಂದರೆ ನಿಮಿಷಕ್ಕೆ 9.8 ಕಿಲೋಕ್ಯಾಲರಿ. 45 ನಿಮಿಷಕ್ಕೆ ಸುಮಾರು 440. ಅದೇ ಖಾನೆಯಲ್ಲಿ 50 ಅಂತ ತುಂಬಿದ್ದರೆ ಅದೇ ನಡಿಗೆಗೆ ವಾಚ್ 567 ತೋರಿಸುತ್ತೆ. ತೂಕ ಇಳಿಸಲು ಈ ಅಂಕಿ ನೋಡಿಕೊಂಡು ಊಟ ಮಾಡುವವರಿಗೆ ದಿನಕ್ಕೆ 120ಕ್ಕಿಂತ ಹೆಚ್ಚು ತಪ್ಪು ಕೂಡುತ್ತಾ ಹೋಗುತ್ತೆ. ಮೂರು ತಿಂಗಳಾದರೂ ತಕ್ಕಡಿ ಯಾಕೆ ಅಲುಗಾಡಲಿಲ್ಲ ಅಂತ ಕೇಳುವವರಲ್ಲಿ ಹಲವರ ತೊಂದರೆ ಇಲ್ಲೇ ಇರುತ್ತೆ.
ಲ್ಯಾಬಿನಲ್ಲಿ ಮೂಗು-ಬಾಯಿಗೆ ಮುಖವಾಡ ಕಟ್ಟಿ ಉಸಿರನ್ನೇ ಅಳೆಯುತ್ತಾರೆ. ಮಿಕ್ಕಿದ್ದೆಲ್ಲ ಅಂದಾಜು. ಒಳ್ಳೆಯ ಅಂದಾಜಿನಲ್ಲೂ 5 ಅಂಕ ಆಚೀಚೆ ಆಗುವುದು ಸಾಮಾನ್ಯ. ಆದ್ದರಿಂದ ದಶಮಾಂಶದ ಹಿಂದೆ ಬೀಳಬೇಡಿ, ಆದರೆ 10 ಅಂಕದ ತಪ್ಪನ್ನು ಖಂಡಿತ ತಪ್ಪಿಸಬಹುದು.

ಭದ್ರಾ ನಾಲೆ ಸೈಕಲ್
ಮನೆಯಲ್ಲೇ ಕುಳಿತು ಮಾಡುವ ಲೆಕ್ಕದಿಂದ ಶುರು ಮಾಡಿ. 1990ರಲ್ಲಿ ಜಾಕ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಸೂತ್ರ ಇದೆ, ಓಡುವುದೇ ಬೇಡ. 56.363 ತಗೊಳ್ಳಿ. ಚಟುವಟಿಕೆಯ ಅಂಕವನ್ನು 1.921ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 0.381ರಿಂದ ಗುಣಿಸಿ ಕಳೆಯಿರಿ. ಬಿಎಂಐಯನ್ನು (ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 0.754ರಿಂದ ಗುಣಿಸಿ ಕಳೆಯಿರಿ. ಗಂಡಸಾದರೆ 10.987 ಕೂಡಿಸಿ, ಹೆಂಗಸಾದರೆ ಏನೂ ಕೂಡಿಸಬೇಡಿ.
ಚಟುವಟಿಕೆಯ ಅಂಕ ಇಲ್ಲಿ 0ರಿಂದ 7. ನಡೆಯುವುದನ್ನೂ ತಪ್ಪಿಸಿ ಗಾಡಿ ಹತ್ತುವವರಿಗೆ 0. ಮೆಟ್ಟಿಲು ಹತ್ತುತ್ತಾರೆ, ಅಷ್ಟಿಷ್ಟು ಅಡ್ಡಾಡುತ್ತಾರೆ ಅಂದರೆ 1. ವಾರಕ್ಕೆ 10ರಿಂದ 60 ನಿಮಿಷ ಹಗುರ ವ್ಯಾಯಾಮ ಇದ್ದರೆ 2, ಒಂದು ಗಂಟೆ ದಾಟಿದರೆ 3. ನಾಲ್ಕರಿಂದ ಮೇಲೆ ಓಟ, ಜೋರು ಸೈಕಲ್, ಈಜಿನಂಥ ಏದುಸಿರು ಬರುವ ಕೆಲಸದ ಲೆಕ್ಕ: ವಾರಕ್ಕೆ 30 ನಿಮಿಷದ ಒಳಗೆ 4, 30ರಿಂದ 60 ನಿಮಿಷ 5, ಒಂದರಿಂದ ಮೂರು ಗಂಟೆ 6, ಮೂರು ಗಂಟೆಗಿಂತ ಹೆಚ್ಚು 7. ಕಳೆದ ಒಂದು ತಿಂಗಳ ಸರಾಸರಿ ಹಿಡಿಯಬೇಕು. ತುಂಬ ಚೆನ್ನಾಗಿ ನಡೆದ ಒಂದು ವಾರವನ್ನು ಹಿಡಿಯುವುದು ಎಲ್ಲರೂ ಮಾಡುವ ತಪ್ಪು.
ನಿಮ್ಮ ಬಿಎಂಐ 25.5. ಮಾತಾಡಿಕೊಂಡು ನಡೆಯುವ ನಡಿಗೆಯಾದರೆ ಅಂಕ 3. ಉತ್ತರ 36.7. ನಡಿಗೆಯಲ್ಲಿ ಏದುಸಿರು ಬಂದು ಮಾತು ತುಂಡಾಗುತ್ತೆ ಅನ್ನುವ ಹಾಗಿದ್ದರೆ ಮಾತ್ರ ಮೇಲಿನ ಅಂಕ ಯೋಚಿಸಿ. ಒಂದು ಮೆಟ್ಟಿಲು ಏರಿಸಿದರೆ ಉತ್ತರ 1.9 ಏರುತ್ತೆ. 3 ಇದ್ದದ್ದನ್ನು 6 ಅಂತ ಹಾಕಿದರೆ ಸುಮ್ಮನೆ ಆರು ಅಂಕ ಬಂದುಬಿಡುತ್ತೆ.
ವಾಚ್‌ನ ಹತ್ತರ ಮಾಪನ ಇದಕ್ಕಿಂತ ಬೇರೆ. 3 ಅನ್ನು ಅಲ್ಲಿಗೆ ಹಾಗೇ ಎತ್ತಿ ಹಾಕಬೇಡಿ. ಅದರ ಕೈಪಿಡಿಯಲ್ಲಿ ಪ್ರತಿ ಮಟ್ಟದ ಎದುರು ವಾರದ ಗಂಟೆ ಬರೆದಿರುತ್ತಾರೆ, ನಿಮ್ಮದು ವಾರಕ್ಕೆ 2 ಗಂಟೆ 40 ನಿಮಿಷದ ಹಗುರ ವ್ಯಾಯಾಮ, ಅದಕ್ಕೆ ಹೊಂದುವ ಸಾಲು ಆರಿಸಿ.

ದುರ್ಗದ ಏರು
ಸೂತ್ರ ಸರಿ, ಆದರೆ ಅದು ನಿಮ್ಮ ಹೃದಯವನ್ನು ನೋಡಿಯೇ ಇಲ್ಲ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರಿಗೆ ಒಂದೇ ಉತ್ತರ ಕೊಡುತ್ತೆ. ಅಂಗಳಕ್ಕಿಳಿದು ಅಳೆಯಿರಿ.
ಓಟ ರೂಢಿ ಇದ್ದವರಿಗೆ ಕೂಪರ್ ಪರೀಕ್ಷೆ, 1968ರಿಂದ ಇರುವಂಥದ್ದು. 12 ನಿಮಿಷದಲ್ಲಿ ಎಷ್ಟು ಮೀಟರ್ ಓಡಿದಿರೋ ಅದರಲ್ಲಿ 504.9 ಕಳೆದು 44.73ರಿಂದ ಭಾಗಿಸಿ. 400 ಮೀಟರ್ ಟ್ರ್ಯಾಕಿನಲ್ಲಿ 5 ಸುತ್ತು ಅಂದರೆ 33.4, 6 ಸುತ್ತು ಅಂದರೆ 42.4, 7 ಸುತ್ತು ಅಂದರೆ 51.3. ಒಂದು ಸುತ್ತಿಗೆ ಹತ್ತಿರ ಹತ್ತಿರ 9 ಅಂಕ ಆಗುವುದರಿಂದ ಕೊನೆಯ ಅರೆಸುತ್ತನ್ನು ಕಣ್ಣಂದಾಜಿನಲ್ಲಿ ಬಿಡಬಾರದು. 50 ಮೀಟರ್ ತಪ್ಪಿದರೆ 1.1 ಅಂಕ ಹೋಯಿತು. ಪ್ರತಿ 50 ಮೀಟರ್‌ಗೆ ಸುಣ್ಣದ ಗೆರೆ ಎಳೆದು, ಒಬ್ಬರು ಸೀಟಿ ಊದಿ ನಿಲ್ಲಿಸಿದರೆ ನಿಂತ ಜಾಗ ತಪ್ಪಲ್ಲ.
ಇಲ್ಲಿ ಹುಡುಗರು ಕೆಡಿಸಿಕೊಳ್ಳುವುದು ಮೊದಲ ಸುತ್ತಿನಲ್ಲೇ. ಒಂದೂವರೆ ನಿಮಿಷಕ್ಕೆ ಸುತ್ತು ಮುಗಿಸಿ, ಎಂಟನೇ ನಿಮಿಷಕ್ಕೆ ನಡೆಯೋಕೆ ಶುರು ಮಾಡುತ್ತಾರೆ. ಆಗ ಅಳತೆಯಾಗುವುದು ಓಟದ ಹಂಚಿಕೆ ಬಾರದಿರುವುದು, ಫಿಟ್‌ನೆಸ್ ಅಲ್ಲ. 6 ಸುತ್ತಿನ ಗುರಿಯಾದರೆ ಪ್ರತಿ ಸುತ್ತು 2 ನಿಮಿಷ, ಮೊದಲ ಸುತ್ತೂ 2 ನಿಮಿಷ.
ಕುಂದವಾಡದವರೇ, ನಿಮಗೆ ಇದು ಬೇಡ. ಓಟದ ಅಭ್ಯಾಸ ಇಲ್ಲದ 45ರ ವಯಸ್ಸಿನಲ್ಲಿ 12 ನಿಮಿಷ ಪೂರ್ತಿ ಬಲ ಹಾಕಿ ಓಡುವುದು ಅಪಾಯ, ಜೊತೆಗೆ ಮೀನಖಂಡ ಹಿಡಿದುಕೊಳ್ಳುತ್ತೆ. ನಿಮಗೆ ರಾಕ್‌ಪೋರ್ಟ್ ನಡಿಗೆ ಪರೀಕ್ಷೆ ಸರಿ.

ಪೀಟಿ ಮೇಷ್ಟ್ರು
ರಾಕ್‌ಪೋರ್ಟ್ ನಾನು ಬಿಡಿಸಿ ಬರೆಯುತ್ತೇನೆ. 1987ರಲ್ಲಿ ಪ್ರಕಟವಾದದ್ದು, 30ರಿಂದ 69 ವರ್ಷದವರ ಮೇಲೆ ಮಾಡಿ ನೋಡಿದ್ದು. ಒಂದು ಮೈಲಿ, ಅಂದರೆ 1609 ಮೀಟರ್, ಓಡದೆ ಆದಷ್ಟು ಜೋರಾಗಿ ನಡೆಯಬೇಕು. 400ರ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಮೇಲೆ 9 ಮೀಟರ್. ಒಳಗಿನ ಲೇನ್ ಬಿಟ್ಟು ಆಚೆ ಲೇನಿನಲ್ಲಿ ನಡೆದರೆ ಸುತ್ತು ಉದ್ದವಾಗುತ್ತೆ, ಅದು ನೆನಪಿರಲಿ. ಮುಗಿದ ಕ್ಷಣದ ನಾಡಿ ಮತ್ತು ಸಮಯ ಬರೆದುಕೊಳ್ಳಿ.
ಲೆಕ್ಕ: 132.853ರಿಂದ ಹೊರಡಿ. ಗಂಡಸಾದರೆ 6.315 ಕೂಡಿಸಿ. ಕೆ.ಜಿ. ತೂಕ × 0.1695 ಕಳೆಯಿರಿ. ವಯಸ್ಸು × 0.3877 ಕಳೆಯಿರಿ. ಸಮಯ ನಿಮಿಷದಲ್ಲಿ × 3.2649 ಕಳೆಯಿರಿ. ನಾಡಿ × 0.1565 ಕಳೆಯಿರಿ. ಮೂಲ ಸೂತ್ರದಲ್ಲಿ ತೂಕ ಪೌಂಡಿನಲ್ಲಿದೆ, ಗುಣಕ 0.0769. ಕೆಲವರು ಕೆ.ಜಿ. ತೂಕಕ್ಕೆ ಅದೇ 0.0769 ಹಾಕಿ ಉತ್ತರ ಆರೇಳು ಅಂಕ ಉಬ್ಬಿಸಿಕೊಳ್ಳುತ್ತಾರೆ. ಸಮಯದಲ್ಲೂ ಹಾಗೇ: 15 ನಿಮಿಷ 30 ಸೆಕೆಂಡ್ ಅಂದರೆ 15.5, ಅದನ್ನು 15.30 ಅಂತ ಬರೆಯಬಾರದು.
ನಡೆಯುವ ಮುಂಚೆ ಐದು ನಿಮಿಷ ಮೆಲ್ಲಗೆ ಅಡ್ಡಾಡಿ ಮೈ ಬಿಸಿ ಮಾಡಿಕೊಳ್ಳಿ. ಕಾಫಿ, ಟೀ ಕುಡಿದು ಹೋಗಬೇಡಿ. ಹಿಂದಿನ ದಿನ ಕಾಲು ನೋಯುವಷ್ಟು ದುಡಿದಿದ್ದರೆ ಮುಂದಕ್ಕೆ ಹಾಕಿ.

ಕುಂದವಾಡ ಬೆಳಗು
ಮಾಡಿದೆ ಮೇಷ್ಟ್ರೇ. ಸಮಯ 15 ನಿಮಿಷ 30 ಸೆಕೆಂಡ್, ಮುಗಿದಾಗ ವಾಚ್ ತೋರಿಸಿದ ನಾಡಿ 128. ಲೆಕ್ಕ ಹಾಕಿದರೆ 38.9. ದೂರ ವಾಚಿನ ಜಿಪಿಎಸ್‌ನಿಂದ, ಕೆರೆಯ ದಾರಿಯಲ್ಲಿ.

ಭದ್ರಾ ನಾಲೆ ಸೈಕಲ್
ಲೆಕ್ಕ ಸರಿಯಿದೆ. ಆದರೆ 128 ಮೇಲೆ ನನಗೆ ನಂಬಿಕೆ ಬರಲಿಲ್ಲ. ಅದು ಮಣಿಕಟ್ಟಿನ ಹಸಿರು ಬೆಳಕಿನ ಸೆನ್ಸರ್ ಓದಿದ್ದಾ, ಎದೆಪಟ್ಟಿ ಓದಿದ್ದಾ?
ಯಾಕೆ ಕೇಳಿದೆ ಅಂದರೆ, ಜೋರು ನಡಿಗೆಯಲ್ಲಿ ಹೆಜ್ಜೆ ನಿಮಿಷಕ್ಕೆ 120ರಿಂದ 135 ಬೀಳುತ್ತೆ. ಮಣಿಕಟ್ಟಿನ ಸೆನ್ಸರ್ ಚರ್ಮದಡಿ ರಕ್ತ ಏರಿಳಿಯುವುದನ್ನು ಬೆಳಕಿನಿಂದ ನೋಡುತ್ತೆ. ಕೈ ಬೀಸುವಾಗ ವಾಚೂ ಅಲುಗಾಡುತ್ತೆ, ಆ ಅಲುಗಾಟದ ತಾಳವನ್ನೇ ನಾಡಿ ಅಂತ ಹಿಡಿದುಬಿಡುತ್ತೆ. ಓಟದಲ್ಲಿ ಹೀಗಾದರೆ 160, 170 ಅಂತ ತೋರಿಸಿ ಗುಟ್ಟು ಬಯಲಾಗುತ್ತೆ. ನಡಿಗೆಯಲ್ಲಿ ಹೆಜ್ಜೆಯೂ ನಾಡಿಯೂ ಒಂದೇ ಆಸುಪಾಸಿನಲ್ಲಿರುವುದರಿಂದ ಗೊತ್ತೇ ಆಗಲ್ಲ. ಪರೀಕ್ಷೆ ಬಹಳ ಸುಲಭ: ಮುಗಿದ ಮೇಲೆ ಹೆಜ್ಜೆಯ ಗ್ರಾಫನ್ನೂ ನಾಡಿಯ ಗ್ರಾಫನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದಿದ್ದರೆ ಅದು ನಾಡಿಯಲ್ಲ.
ವಾಚನ್ನು ಮಣಿಕಟ್ಟಿನ ಗೆಣ್ಣಿನಿಂದ ಎರಡು ಬೆರಳು ಮೇಲೆ, ಚರ್ಮಕ್ಕೆ ಅಂಟುವ ಹಾಗೆ ಬಿಗಿದು ಕಟ್ಟಬೇಕು. ಬಳೆಯ ಹಾಗೆ ಜಾರುತ್ತಿದ್ದರೆ ಹೊರಗಿನ ಬೆಳಕೂ ಒಳಗೆ ನುಗ್ಗುತ್ತೆ. ಅಷ್ಟಾದರೂ ಪರೀಕ್ಷೆಯ ದಿನಕ್ಕೆ ಎದೆಪಟ್ಟಿಯೇ ಲೇಸು, ಅದು ಹೃದಯದ ವಿದ್ಯುತ್ತನ್ನೇ ಓದುತ್ತೆ.

ನಾಡಿಮಿಡಿತ
ಎದೆಪಟ್ಟಿ ಇಲ್ಲದಿದ್ದರೆ ಕೈಯಲ್ಲೇ ಎಣಿಸಿ ಅಣ್ಣ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿ, ತೋರುಬೆರಳು-ನಡುಬೆರಳು ಇಟ್ಟು. ಹೆಬ್ಬೆರಳಿಂದ ಎಣಿಸಬೇಡಿ, ಅದರದ್ದೇ ಮಿಡಿತ ಕೈಗೆ ಸಿಗುತ್ತೆ. ನಿಂತ ಕೂಡಲೇ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ಮಿಡಿತ ತಪ್ಪಿದರೆ ನಾಲ್ಕು ತಪ್ಪುತ್ತೆ, ಆದರೆ ಒಂದು ನಿಮಿಷ ಪೂರ್ತಿ ಎಣಿಸುತ್ತಾ ನಿಂತರೆ ಅಷ್ಟರಲ್ಲಿ ನಾಡಿ 20, 30 ಇಳಿದೇ ಹೋಗಿರುತ್ತೆ. ಕುತ್ತಿಗೆಯಲ್ಲಿ ಎಣಿಸುವುದಾದರೆ ಒಂದೇ ಕಡೆ, ಮೆಲ್ಲಗೆ. ಎರಡೂ ಕಡೆ ಒತ್ತಿದರೆ ತಲೆ ಸುತ್ತಿ ಬೀಳುವ ಭಯ.

ದುರ್ಗದ ಏರು
ದೂರದ ಬಗ್ಗೆಯೂ ಒಂದು ಮಾತು. ಮರಗಳ ಕೆಳಗೆ, ತಿರುವುಗಳಲ್ಲಿ ಜಿಪಿಎಸ್ ಮೂಲೆಗಳನ್ನು ಕತ್ತರಿಸಿಬಿಡುತ್ತೆ. ಕೆರೆ ದಾರಿಯಲ್ಲೇ ಮಾಡಬೇಕು ಅಂತಿದ್ದರೆ ಒಮ್ಮೆ ಸೈಕಲ್ಲಿನಲ್ಲಿ ಅಳೆದು ಗುರುತು ಹಾಕಿಕೊಳ್ಳಿ. ಚಕ್ರದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಸವಾರನ ಭಾರ ಹಾಕಿ, ಒಂದು ಪೂರ್ತಿ ಸುತ್ತು ನೆಲದ ಮೇಲೆ ಎಷ್ಟು ಉದ್ದ ಅಂತ ಟೇಪಿನಲ್ಲಿ ಹಿಡಿಯಿರಿ. ತೆಳು ಟೈರಿನ ರೋಡ್ ಸೈಕಲ್ಲಿಗೆ 2.1 ಮೀಟರ್ ಆಸುಪಾಸು ಬರುತ್ತೆ. ಹಾಗಾದರೆ 1609 ಮೀಟರ್‌ಗೆ 766 ಸುತ್ತು. ಇಷ್ಟು ತಾಳ್ಮೆ ಇಲ್ಲದವರು ಕ್ರೀಡಾಂಗಣದ ಟ್ರ್ಯಾಕಿಗೇ ಹೋಗಿ.
ನಮ್ಮ ದುರ್ಗದ ಕಡೆಯವರಿಗೆ: ಜೋಗಿಮಟ್ಟಿ ಗುಡ್ಡದ ರಸ್ತೆಯಲ್ಲಿ ಈ ಪರೀಕ್ಷೆ ಮಾಡಬೇಡಿ. ಸೂತ್ರ ಸಮತಟ್ಟು ನೆಲಕ್ಕೆ ಬರೆದದ್ದು, ಏರಿನಲ್ಲಿ ಸಮಯ ಹೆಚ್ಚಾಗಿ ನಾಡಿಯೂ ಹೆಚ್ಚಾಗಿ ಎರಡು ಕಡೆಯಿಂದಲೂ ಅಂಕ ಕುಸಿಯುತ್ತೆ. ಗಾಳಿಯೂ ಲೆಕ್ಕಕ್ಕಿದೆ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವ ಊರು ಇದು. ಸುತ್ತು ಹೊಡೆದರೆ ಎದುರುಗಾಳಿ, ಹಿಂಗಾಳಿ ಸರಿದೂಗುತ್ತೆ ಅಂದುಕೊಳ್ಳುತ್ತಾರೆ. ಸರಿದೂಗಲ್ಲ, ಎದುರಿಗೆ ಕಳೆದುಕೊಂಡಷ್ಟು ಹಿಂದಿನಿಂದ ಸಿಗುವುದಿಲ್ಲ. ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಗ್ಗೆ ಗಾಳಿ ಏಳುವ ಮುಂಚೆ ಮುಗಿಸಿ.

ಹರಿಹರದ ಹೊಳೆ
ಟ್ರ್ಯಾಕ್ ಹತ್ತಿರ ಇಲ್ಲದವರು ಏನು ಮಾಡಬೇಕು ಸರ್? ನನಗೆ 28. ಮನೆ ಮೆಟ್ಟಿಲ ಮೇಲೆ ಹತ್ತಿ ಇಳಿದು ಅಳೆಯುವ ಪರೀಕ್ಷೆ ಇದೆಯಂತೆ.

ಪೀಟಿ ಮೇಷ್ಟ್ರು
ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್ ಅನ್ನುತ್ತಾರಮ್ಮ. ಮನೆ ಮೆಟ್ಟಿಲು ಆಗಲ್ಲ, ಅದು 15ರಿಂದ 18 ಸೆಂ.ಮೀ. ಅಷ್ಟೇ. ಇದಕ್ಕೆ 41.3 ಸೆಂ.ಮೀ. ಎತ್ತರ ಬೇಕು. ಹಳೆ ಮನೆಗಳ ಜಗಲಿ, ಕ್ರೀಡಾಂಗಣದ ಗ್ಯಾಲರಿಯ ಮೆಟ್ಟಿಲು ಕೆಲವು ಸಲ ಈ ಎತ್ತರಕ್ಕೆ ಹತ್ತಿರ ಇರುತ್ತವೆ. ಟೇಪ್ ಹಿಡಿದು ನೋಡಿ. ಅಲುಗಾಡುವ ಸ್ಟೂಲ್, ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ.
ಮೂರು ನಿಮಿಷ. ಹೆಂಗಸರಿಗೆ ನಿಮಿಷಕ್ಕೆ 22 ಸಲ ಹತ್ತಿ ಇಳಿಯುವುದು, ಗಂಡಸರಿಗೆ 24. ಒಂದು ಸಲಕ್ಕೆ ನಾಲ್ಕು ಹೆಜ್ಜೆ: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ 88ಕ್ಕೆ ಇಡಿ, ಗಂಡಸರಾದರೆ 96ಕ್ಕೆ. ಪ್ರತಿ ಟಿಕ್ಕಿಗೆ ಒಂದು ಹೆಜ್ಜೆ. ಮುಗಿದ ಮೇಲೆ ಕೂರಬಾರದು. ನಿಂತೇ, ಐದು ಸೆಕೆಂಡ್ ಬಿಟ್ಟು, ಮುಂದಿನ 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ.
ಹೆಂಗಸರಿಗೆ 65.81ರಲ್ಲಿ ನಾಡಿ × 0.1847 ಕಳೆಯಬೇಕು. 40 ಮಿಡಿತ ಎಣಿಸಿದರೆ ನಾಡಿ 160, ಉತ್ತರ 36.3. ಗಂಡಸರಿಗೆ 111.33ರಲ್ಲಿ ನಾಡಿ × 0.42. ನಾಡಿ 152 ಬಂದರೆ 47.5, 168 ಬಂದರೆ 40.8.
ಗಿಡ್ಡ ಇರುವವರಿಗೆ ಈ ಎತ್ತರ ಕಷ್ಟವಾಗಿ ನಾಡಿ ವಿನಾಕಾರಣ ಏರುತ್ತೆ. ಮೊಣಕಾಲು ನೋವಿರುವವರು ಈ ಪರೀಕ್ಷೆಯನ್ನು ಬಿಟ್ಟು ನಡಿಗೆಯದನ್ನೇ ಮಾಡಲಿ. ತಾಳ ತಪ್ಪಿ ನಿಧಾನವಾದರೆ ಅಂಕ ಸುಳ್ಳೇ ಏರುತ್ತೆ, ಅದಕ್ಕೇ ಮೆಟ್ರೊನೋಮ್ ಬೇಕೇಬೇಕು.

ನಾಡಿಮಿಡಿತ
ಮಾತ್ರೆಯ ವಿಷಯ ಯಾರೂ ಎತ್ತಲಿಲ್ಲ, ಆದರೆ ಇದನ್ನು ಓದುವವರಲ್ಲಿ ಬಿಪಿ ಇರುವವರು ಇದ್ದೇ ಇರುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ನಾಡಿಯನ್ನೇ ಹಿಡಿದಿಡುತ್ತವೆ. ಎಷ್ಟೇ ಜೋರು ನಡೆದರೂ ಏರಬೇಕಾದಷ್ಟು ಏರಲ್ಲ. ಆಗ ನಾಡಿ ಕಡಿಮೆ ಕಂಡು, ಮೇಲಿನವುಗಳಲ್ಲಿ ನಾಡಿ ಬಳಸುವ ಸೂತ್ರಗಳೆಲ್ಲ ಫಿಟ್‌ನೆಸ್ ಹೆಚ್ಚು ಅಂತ ಸುಳ್ಳು ಹೇಳುತ್ತವೆ. ಅಂಥವರು ಜಾಕ್ಸನ್ ಸೂತ್ರದ ಸಂಖ್ಯೆ ಹಾಕಿಕೊಂಡು, ವ್ಯಾಯಾಮದ ಬಿರುಸನ್ನು ಮಾತಿನಿಂದ ಅಳೆಯಲಿ: ಪೂರ್ತಿ ವಾಕ್ಯ ಆಡಲು ಬಂದರೆ ಹದ, ಎರಡು ಮೂರು ಪದಕ್ಕೆ ಉಸಿರು ನಿಂತರೆ ಜೋರು. ಪರೀಕ್ಷೆಗೋಸ್ಕರ ಒಂದು ದಿನ ಮಾತ್ರೆ ಬಿಟ್ಟು ನೋಡುತ್ತೇನೆ ಅನ್ನಬೇಡಿ. ಈ ಮಾತ್ರೆ ದಿಢೀರ್ ನಿಲ್ಲಿಸಿದರೆ ಹೃದಯಕ್ಕೇ ಪೆಟ್ಟು ಬೀಳಬಹುದು.
ರಕ್ತಹೀನತೆ ಇದ್ದರೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆ. ವಿಒ2 ಮ್ಯಾಕ್ಸ್ ನಿಜವಾಗಿಯೇ ಇಳಿದಿರುತ್ತೆ, ನಾಡಿ ಏರಿರುತ್ತೆ. ವಿಶೇಷವಾಗಿ ಹೆಣ್ಣುಮಕ್ಕಳು ವ್ಯಾಯಾಮ ಮಾಡಿದರೂ ಅಂಕ ಏರುತ್ತಿಲ್ಲ ಅಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.
ಎದೆ ಬಿಗಿತ, ಎಡಗೈಗೋ ದವಡೆಗೋ ಹಬ್ಬುವ ನೋವು, ತಲೆಸುತ್ತು, ಇವು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಸುತ್ತು ಮುಗಿಸಿ ನೋಡೋಣ ಅನ್ನಬೇಡಿ.

ಭದ್ರಾ ನಾಲೆ ಸೈಕಲ್
ನಾಡಿಮಿಡಿತ ಮೇಡಂ, ತುಂಬ ಜನರ ಫೈಲಿನಲ್ಲಿ ಟಿಎಂಟಿ (ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ರಿಪೋರ್ಟ್ ಇರುತ್ತಲ್ಲ, ಅದರಿಂದ ತೆಗೆಯಬಹುದಾ?

ನಾಡಿಮಿಡಿತ
ತೆಗೆಯಬಹುದು. ರಿಪೋರ್ಟಿನಲ್ಲಿ 'ಮೆಟ್ಸ್' ಅಂತ ಒಂದು ಸಂಖ್ಯೆ ಇರುತ್ತೆ. ಒಂದು ಮೆಟ್ ಅಂದರೆ ಸುಮ್ಮನೆ ಕುಳಿತಾಗಿನ ಬಳಕೆ, 3.5 ಮಿ.ಲೀ. ಅಂತ ಹಿಡಿಯುತ್ತಾರೆ. ಆ ಸಂಖ್ಯೆಯನ್ನು 3.5ರಿಂದ ಗುಣಿಸಿ. 10.1 ಇದ್ದರೆ 35.4.
ಎರಡು ವಿಷಯ ನೋಡಿಕೊಳ್ಳಿ. ಒಂದು, ಪರೀಕ್ಷೆ ಯಾಕೆ ನಿಂತಿತು ಅಂತ ಬರೆದಿರುತ್ತಾರೆ. ವಯಸ್ಸಿನ ಲೆಕ್ಕದ ಶೇ. 85 ನಾಡಿ ಮುಟ್ಟಿದ ಕೂಡಲೇ ಕೆಲವು ಕಡೆ ನಿಲ್ಲಿಸಿಬಿಡುತ್ತಾರೆ, ಅವರಿಗೆ ಬೇಕಿರುವುದು ಇಸಿಜಿ, ನಿಮ್ಮ ಸಾಮರ್ಥ್ಯದ ಕೊನೆ ಅಲ್ಲ. ಹಾಗೆ ನಿಂತಿದ್ದರೆ ನಿಮ್ಮ ನಿಜವಾದ ಅಂಕ ಅದಕ್ಕಿಂತ ಮೇಲಿದೆ. ಅಲ್ಲಿ ಬರೆದ ಗರಿಷ್ಠ ನಾಡಿಯನ್ನೂ ವಾಚ್‌ಗೆ ಗರಿಷ್ಠ ಅಂತ ತುಂಬಬೇಡಿ. ಎರಡು, ಕಂಬಿ ಹಿಡಿದು ತೂಗಿಬಿದ್ದು ನಡೆದಿದ್ದರೆ ಮೆಟ್ಸ್ ಉಬ್ಬಿರುತ್ತೆ. ಬೆಲ್ಟಿನ ವೇಗ, ಇಳಿಜಾರಿನಿಂದ ಲೆಕ್ಕ ಹಾಕುವ ಸಂಖ್ಯೆ ಅದು, ಕೈ ಹೊತ್ತ ಭಾರ ಅದಕ್ಕೆ ಗೊತ್ತಿಲ್ಲ.

ಕುಂದವಾಡ ಬೆಳಗು
ಎದೆಪಟ್ಟಿ ಕಟ್ಟಿ, ಟ್ರ್ಯಾಕಿನಲ್ಲಿ, ಬೆಳಗ್ಗೆ 6ಕ್ಕೆ ಮತ್ತೆ ಮಾಡಿದೆ. 15 ನಿಮಿಷ 24 ಸೆಕೆಂಡ್, ನಾಡಿ 139. ಉತ್ತರ 37.5. ಹಿಂದಿನ ದಿನದ ಗ್ರಾಫಿನಲ್ಲಿ ಹೆಜ್ಜೆಯೂ 128ರಲ್ಲೇ ಇದೆ, ಸೈಕಲ್‌ನವರು ಹೇಳಿದ್ದು ನಿಜ. ಈಗ ಇನ್ನೊಂದು ಪ್ರಶ್ನೆ. ಗರಿಷ್ಠ ನಾಡಿಯನ್ನು ವಿಶ್ರಾಂತಿ ನಾಡಿಯಿಂದ ಭಾಗಿಸಿ 15.3ರಿಂದ ಗುಣಿಸುವ ಸೂತ್ರ ಇದೆಯಲ್ಲ, ಅದರಲ್ಲಿ 43.6 ಬರುತ್ತೆ. ಆರು ಅಂಕ ಹೆಚ್ಚು. ಯಾವುದನ್ನು ನಂಬಲಿ?

ದುರ್ಗದ ಏರು
37.5 ಅನ್ನು ನಂಬಿ. 15.3ರ ಸೂತ್ರ 2004ರದು, ಚೆನ್ನಾಗಿ ತರಬೇತಿ ಪಡೆದ ಗಂಡಸರನ್ನು ಅಳೆದು ಮಾಡಿದ್ದು, ಅವರ ಗರಿಷ್ಠ ನಾಡಿಯನ್ನೂ ನಿಜವಾಗಿ ಅಳೆದಿದ್ದರು. ನೀವು 208ರಲ್ಲಿ ವಯಸ್ಸಿನ 0.7 ಪಾಲು ಕಳೆದು 176.5 ತಗೊಂಡಿದ್ದೀರಿ ಅನ್ನಿಸುತ್ತೆ. ಅದು ಆ ವಯಸ್ಸಿನವರ ಸರಾಸರಿ. ಮೂವರಲ್ಲಿ ಇಬ್ಬರು ಈ ಸರಾಸರಿಯ 10 ಮಿಡಿತ ಆಚೀಚೆಯೊಳಗೆ ಬೀಳುತ್ತಾರೆ, ಮೂರನೆಯವರು ಅದಕ್ಕೂ ಹೊರಗೆ. ಛೇದದಲ್ಲಿರುವ ವಿಶ್ರಾಂತಿ ನಾಡಿ ಇನ್ನೂ ನಾಜೂಕು. ಗರಿಷ್ಠ 190 ಇರುವವರಿಗೆ ವಿಶ್ರಾಂತಿ ನಾಡಿ 58 ಆದರೆ 50.1, ಅದೇ ವ್ಯಕ್ತಿ ಕಾಫಿ ಕುಡಿದು ಕುರ್ಚಿಯಲ್ಲಿ ಕೂತು 68 ಅಂತ ಅಳೆದುಕೊಂಡರೆ 42.8. ಒಂದು ಲೋಟ ಕಾಫಿಗೆ ಏಳು ಅಂಕ ಹೋಗುವ ಸೂತ್ರ.
ಆದರೂ ವಾಚ್‌ಗೆ ಈ ಎರಡು ನಾಡಿಗಳು ಸರಿ ಇರಲೇಬೇಕು, ನನ್ನ ಪ್ರಕಾರ ವಿಒ2 ಖಾನೆಗಿಂತಲೂ ಮುಖ್ಯ. ವಾಚ್ ಪ್ರತಿ ಕ್ಷಣ 'ಶೇಕಡಾ ಎಷ್ಟು' ಅಂತ ಲೆಕ್ಕ ಹಾಕುವುದು ಇವುಗಳ ನಡುವಿನ ಅಂತರದಲ್ಲಿ. ನಿಮ್ಮದು 177ರಲ್ಲಿ 62 ಕಳೆದರೆ 115. ಶೇ. 60 ಬೇಕೆಂದರೆ 69 ಕ್ಕೆ 62 ಕೂಡಿಸಿ 131. ನಿಜವಾದ ಗರಿಷ್ಠ 190 ಇದ್ದು ವಾಚ್ 177 ಅಂದುಕೊಂಡಿದ್ದರೆ, ನೀವು ಹಾಯಾಗಿರುವಾಗಲೇ ಅದು 'ತುಂಬ ಜೋರು' ಅನ್ನುತ್ತೆ. ಓಡುವಾಗ ತಾನೇ ಅಂದಾಜಿಸುವ ವಿಒ2 ಮ್ಯಾಕ್ಸನ್ನೂ ಕೆಳಗೆ ತಳ್ಳುತ್ತೆ.
ವಿಶ್ರಾಂತಿ ನಾಡಿ: ಎಚ್ಚರವಾದ ಮೇಲೆ, ಏಳುವ ಮುಂಚೆ, ಮಲಗಿದಲ್ಲೇ ಒಂದು ನಿಮಿಷ ಪೂರ್ತಿ. ಮೂತ್ರಕ್ಕೆ ಅವಸರವಿದ್ದರೆ ಹೋಗಿ ಬಂದು ಮತ್ತೆ ಐದು ನಿಮಿಷ ಮಲಗಿ. ಅಲಾರಂನ ಗಾಬರಿಯಲ್ಲಿ ಎದ್ದ ದಿನ ಎಣಿಸಬೇಡಿ. ಏಳು ದಿನದ ಸರಾಸರಿ ಹಾಕಿ.
ಗರಿಷ್ಠ ನಾಡಿಯನ್ನು ಏರಿನಲ್ಲಿ ಓಡಿ ಅಳೆಯುವುದು ತಿಂಗಳುಗಟ್ಟಲೆ ಓಡಿದವರಿಗೆ ಮಾತ್ರ. 15 ನಿಮಿಷ ಮೈ ಬಿಸಿ ಮಾಡಿ, ಎರಡು ಮೂರು ನಿಮಿಷದ ಏರು ನಾಲ್ಕು ಸಲ, ಕೊನೆಯದು ಪೂರ್ತಿ ಬಲದಲ್ಲಿ, ನಡುವೆ ಮೆಲ್ಲಗೆ ಇಳಿಯುವುದು. ಜೋಗಿಮಟ್ಟಿ ಏರು ಇದಕ್ಕೆ ಹೇಳಿಮಾಡಿಸಿದ್ದು. ನೀವು ಸದ್ಯಕ್ಕೆ 177 ಇಟ್ಟುಕೊಳ್ಳಿ.

ಹರಿಹರದ ಹೊಳೆ
ವಾಚ್ ತಾನೇ ಅಳೆದುಕೊಳ್ಳುವುದಾದರೆ ಇಷ್ಟೆಲ್ಲ ಯಾಕೆ ಬೇಕು?

ಭದ್ರಾ ನಾಲೆ ಸೈಕಲ್
ಎರಡು ಥರ ಅಳೆಯುತ್ತವೆ ತಂಗಿ. ಗಾರ್ಮಿನ್ ಥರದವು ಓಟದ ವೇಗವನ್ನೂ ನಾಡಿಯನ್ನೂ ಜೋಡಿಸಿ ನೋಡುತ್ತವೆ. ಈ ವೇಗಕ್ಕೆ ಇಷ್ಟು ಆಮ್ಲಜನಕ ಬೇಕು, ಇವರಿಗೆ ಗರಿಷ್ಠದ ಇಷ್ಟು ಶೇಕಡಾ ನಾಡಿಯಲ್ಲಿ ಅದು ಆಯಿತು, ಹಾಗಾದರೆ ನೂರಕ್ಕೆ ಎಷ್ಟು ಅಂತ. ಗರಿಷ್ಠ ನಾಡಿ ತಪ್ಪಿದ್ದರೆ ಅಲ್ಲಿಗೆ ಮುಗಿಯಿತು. ಕೆಸರು, ಮರಳು, ಎದುರುಗಾಳಿ, ಬಿಸಿಲು ಇವೆಲ್ಲ ಅಂಕ ಇಳಿಸುತ್ತವೆ. ಏಪ್ರಿಲ್ ತಿಂಗಳಲ್ಲಿ ನಮ್ಮೂರಲ್ಲಿ ಒಂಬತ್ತು ಗಂಟೆಗೆ ಓಡಿದರೆ ಬೆವರು ಹರಿದು ರಕ್ತದ ನೀರಂಶ ಕಡಿಮೆಯಾಗುತ್ತೆ, ಇದ್ದ ರಕ್ತವೂ ಮೈ ತಂಪಾಗಿಸಲು ಚರ್ಮದ ಕಡೆ ಹೋಗುತ್ತೆ. ಒಂದು ಮಿಡಿತಕ್ಕೆ ಹೋಗುವ ರಕ್ತ ಕಡಿಮೆ, ಹಾಗಾಗಿ ಮಿಡಿತ ಹೆಚ್ಚು. ವೇಗ ಅದೇ, ನಾಡಿ 10 ಹೆಚ್ಚು. ಎಷ್ಟೋ ವಾಚ್‌ಗಳು ಅದನ್ನು ಫಿಟ್‌ನೆಸ್ ಕುಸಿತ ಅಂತ ಓದುತ್ತವೆ.
ಪೋಲಾರ್‌ನವರದು ಬೇರೆ ದಾರಿ. ಐದು ನಿಮಿಷದಷ್ಟು ಸುಮ್ಮನೆ ಮಲಗಿದರೆ ವಿಶ್ರಾಂತಿ ನಾಡಿ, ಮಿಡಿತದ ನಡುವಿನ ಅಂತರದ ಏರುಪೇರು, ವಯಸ್ಸು, ಲಿಂಗ, ಎತ್ತರ, ತೂಕ ಎಲ್ಲ ಸೇರಿಸಿ ಅಂಕ ಕೊಡುತ್ತೆ. ಅದರೊಳಗೆ ನೀವು ತುಂಬಿದ ಚಟುವಟಿಕೆಯ ಮಟ್ಟವೂ ಒಂದು ಪಾಲು. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಒಂದು ತಿಂಗಳು ವ್ಯಾಯಾಮ ಮಾಡಿ, ಮಟ್ಟವನ್ನು ಒಂದು ಮೆಟ್ಟಿಲು ಏರಿಸಿ ಪರೀಕ್ಷೆ ಮಾಡಿದರೆ ಅಂಕ ಏರುತ್ತೆ, ಹೃದಯ ಬದಲಾಗದೇ ಇದ್ದರೂ. ಹೋಲಿಸಬೇಕು ಅಂದರೆ ಎರಡು ಸಲವೂ ಅದೇ ಮಟ್ಟ ಇಟ್ಟು ಮಾಡಬೇಕು.

ಕುಂದವಾಡ ಬೆಳಗು
ಹಾಗಾದರೆ ವಿಒ2 ಮ್ಯಾಕ್ಸ್ 37, ಗರಿಷ್ಠ 177, ವಿಶ್ರಾಂತಿ 62 ಹಾಕುತ್ತೇನೆ. ಮತ್ತೆ ಯಾವಾಗ ಅಳೆಯಬೇಕು? ಎದೆಪಟ್ಟಿ ಮೊದಲ ಐದು ನಿಮಿಷ 200 ದಾಟಿ ತೋರಿಸಿ ಆಮೇಲೆ ಸರಿಯಾಯಿತು, ಅದು ಕೆಟ್ಟಿದೆಯಾ?

ಪೀಟಿ ಮೇಷ್ಟ್ರು
ಎಂಟು ವಾರಕ್ಕೊಮ್ಮೆ ಸಾಕು. ಅದೇ ಟ್ರ್ಯಾಕು, ಅದೇ ಹೊತ್ತು, ಅದೇ ಬೂಟು, ಅದೇ ಪಟ್ಟಿ. ನಡುವೆ ತೂಕ ಇಳಿದರೆ ತೂಕದ ಖಾನೆ ಆಗಾಗ ಸರಿಪಡಿಸಿ. ಅಂಕ ಒಂದೆರಡು ಏರಿದರೆ ಅದು ಅಳತೆಯ ಅಲುಗಾಟವೂ ಆಗಿರಬಹುದು, ವಾಚ್‌ನಲ್ಲಿ ಬದಲಿಸಬೇಡಿ. ಮೂರು ಏರಿದರೆ, ಮರುವಾರ ಇನ್ನೊಮ್ಮೆ ಮಾಡಿಯೂ ಏರಿದ್ದೇ ಬಂದರೆ, ಆಗ ಬದಲಿಸಿ. ಮುಂದಿನ ಸರದಿ ಮೇ ತಿಂಗಳಿಗೆ ಬಿದ್ದರೆ ಮಳೆ ಶುರುವಾಗುವವರೆಗೆ ತಡೆಯಿರಿ.

ಭದ್ರಾ ನಾಲೆ ಸೈಕಲ್
ಪಟ್ಟಿ ಕೆಟ್ಟಿಲ್ಲ, ಒಣಗಿದೆ. ಬೆವರು ಬರುವ ತನಕ ಚರ್ಮಕ್ಕೂ ಪಟ್ಟಿಗೂ ವಿದ್ಯುತ್ ಸಂಪರ್ಕ ಸರಿಯಾಗಿ ಆಗಲ್ಲ. ಕಟ್ಟುವ ಮುಂಚೆ ಒಳಬದಿಯ ಎರಡು ರಬ್ಬರ್ ಭಾಗಗಳನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಎದೆಯ ಮಾಂಸದ ಕೆಳಗೆ ಬಿಗಿಯಾಗಿ ಕಟ್ಟಿ. ಪಾಲಿಯೆಸ್ಟರ್ ಬನಿಯನ್ ಒಣಗಾಳಿಯಲ್ಲಿ ಪಟಪಟ ಅಂದರೂ ಸ್ಥಿರ ವಿದ್ಯುತ್ತಿನಿಂದ ಹೀಗೇ 200, 220 ಬರುತ್ತೆ. ಬನಿಯನ್ನೂ ಸ್ವಲ್ಪ ಒದ್ದೆ ಮಾಡಿದರೆ ನಿಲ್ಲುತ್ತೆ. ಮುಗಿದ ಮೇಲೆ ಗುಂಡಿಯ ಹಾಗೆ ಸಿಕ್ಕಿಸುವ ಸೆನ್ಸರ್ ಭಾಗವನ್ನು ಪಟ್ಟಿಯಿಂದ ಬಿಚ್ಚಿಡಿ. ಸಿಕ್ಕಿಸಿಯೇ ಇಟ್ಟರೆ ಒದ್ದೆ ಪಟ್ಟಿ ಅದನ್ನು ಎಚ್ಚರವಾಗೇ ಇಟ್ಟು ಬ್ಯಾಟರಿ ತಿನ್ನುತ್ತೆ. ಪಟ್ಟಿಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ, ಬೆವರಿನ ಉಪ್ಪು ಕೂತರೆ ಮತ್ತೆ ಇದೇ ತೊಂದರೆ. ಒದ್ದೆ ಮಾಡಿದರೂ ಅಂಕಿ ಮಧ್ಯೆ ಮಧ್ಯೆ ಮಾಯವಾದರೆ ಬ್ಯಾಟರಿ ಬದಲಿಸಿ, ಹೆಚ್ಚಿನವಕ್ಕೆ ಸಿಆರ್2032 ನಾಣ್ಯದ ಬ್ಯಾಟರಿ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ. ಪ್ಲಸ್ ಗುರುತಿನ ಮುಖ ಮುಚ್ಚಳದ ಕಡೆ ಬರುತ್ತದೋ ಒಳಗೋ ಅಂತ ಹಳೆಯದನ್ನು ತೆಗೆಯುವ ಮುಂಚೆ ನೋಡಿಕೊಳ್ಳಿ.